ಪರರಕ್ತವಿಲ್ಲದೆ ಶಸ್ತ್ರಕ್ರಿಯೆ

ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ದಿನ ನಿಶ್ಚಯವಾದೊಡನೆ ರೋಗಿಯ ಮನೆಯವರ ಕೈ ಸೇರುವ ಕಾಗದಗಳಲ್ಲಿ ರಕ್ತದ ಬೇಡಿಕೆಯ ಚೀಟಿಯೂ ಒಂದು. ಅದು ಬಂದ ಗಳಿಗೆಯಿಂದ ಬಂಧುಬಳಗದಲ್ಲಿ ಓಡಾಟ ತೊಡಗುತ್ತದೆ. ಡೊಂಬಿವಲಿಯ ಭಾವ, ಘಾಟ್‌ಕೋಪರಿನ ಸೋದರಳಿಯ, ಊರವರ ಹೋಟೆಲಿನ ನಾಲ್ಕು ಮಂದಿ ಹುಡುಗರು, ಕಛೇರಿಯ ಮಿತ್ರರು, ಹೀಗೆ ಯಾರು ಯಾರೋ ಕೆಲಸ ಬಿಟ್ಟು ರಕ್ತನಿಧಿಯ ಬಾಗಿಲಿಗೆ ಬರುತ್ತಾರೆ. ನೆಂಟರಿಷ್ಟರು ಊರಿನಲ್ಲಿ ಉಳಿದು ತಾವು ಮಾತ್ರ ಇಲ್ಲಿ ನೆಲೆಸಿದ ಕನ್ನಡಿಗರು ಒಬ್ಬರಿಗೊಬ್ಬರು ಒದಗಿಬಂದ ಸಂದರ್ಭಗಳಲ್ಲಿ ಇದಕ್ಕೆ ಹಿರಿದಾದ ಸ್ಥಾನವಿದೆ. ಸಂಘಗಳ ವಾರ್ಷಿಕೋತ್ಸವದೊಡನೆ ರಕ್ತದಾನ ಶಿಬಿರ ನಡೆಯುವುದೂ ಇಲ್ಲಿ ಹೊಸತೇನಲ್ಲ.

ಇಂತಹ ವಾತಾವರಣದಲ್ಲಿ ರೋಗಿಯೊಬ್ಬರು, "ಏನೇ ಆಗಲಿ, ಇನ್ನೊಬ್ಬರ ರಕ್ತ ನನಗೆ ಬೇಡ" ಎಂದು ಬರೆದು ಸಹಿ ಮಾಡಿದ ಕಾಗದವನ್ನು ವೈದ್ಯರ ಮುಂದಿರಿಸಿದರೆ ನೋಡಿದವರು ಬೆರಗಾಗುವುದು ಸಹಜ. ಅದನ್ನು ಹಠವೆಂದೋ ಮೌಢ್ಯವೆಂದೋ ತಳ್ಳಿಹಾಕುವವರೇ ಹೆಚ್ಚು. ಆದರೆ ಆ ನಿರಾಕರಣೆಗೆ ಮನ್ನಣೆ ಕೊಟ್ಟು, ಅದರ ಮಿತಿಯೊಳಗೇ ರೋಗಿಯನ್ನು ಉಳಿಸಲು ಹೆಣಗಿದ ಶಸ್ತ್ರವೈದ್ಯರು ಕಳೆದ ಅರುವತ್ತು ವರ್ಷಗಳಲ್ಲಿ ಕಲಿತ ಪಾಠಗಳು ಇಂದು ಎಲ್ಲ ರೋಗಿಗಳ ಪಾಲಿಗೂ ಉಪಕಾರಿಯಾಗಿ ಪರಿಣಮಿಸಿವೆ. ಅವುಗಳ ಪರಿಚಯವೇ ಪ್ರಸ್ತುತ ಲೇಖನದ ಉದ್ದೇಶ.

ನಿರಾಕರಿಸುವವರು ಯಾರು?

ಧಾರ್ಮಿಕ ಕಾರಣದಿಂದ ರಕ್ತವನ್ನು ನಿರಾಕರಿಸುವವರಲ್ಲಿ ಮುಖ್ಯರು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಮೂಲದ ಪಂಥದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಮೊಳೆತ ಈ ಪಂಥಕ್ಕೂ ಮುಂಬಯಿಗೂ ಹಳೆಯ ನಂಟುಂಟು. ಎಡ್ವಿನ್ ಸ್ಕಿನ್ನರ್ ಎಂಬ ಆಂಗ್ಲ ಪ್ರಚಾರಕರು 1926ರಲ್ಲಿ ಬಂದಿಳಿದು ಕಾರ್ಯಾರಂಭ ಮಾಡಿದ್ದು ಈ ನಗರದಲ್ಲಿಯೇ. ಬಹುಕಾಲ ಇಲ್ಲಿಯೇ ಇದ್ದ ಅವರ ಭಾರತದ ಕಾರ್ಯಾಲಯ ಅನಂತರ ಲೋಣಾವಳಕ್ಕೂ, ಆ ಮೇಲೆ ಬೆಂಗಳೂರಿಗೂ ಸ್ಥಳಾಂತರಗೊಂಡಿತು. ಅವರ 'ಕಾವಲಿನಬುರುಜು' ಪತ್ರಿಕೆ ಕನ್ನಡದಲ್ಲಿಯೂ ಪ್ರಕಟವಾಗುತ್ತದೆ. ಭಾರತದಲ್ಲಿ ಅವರ ಸಂಖ್ಯೆ ಅರ್ಧ ಲಕ್ಷಕ್ಕಿಂತ ತುಸು ಹೆಚ್ಚು, ಅಷ್ಟೆ. ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ಹಾಡಲೊಲ್ಲದ ಮೂವರು ಮಕ್ಕಳನ್ನು ಹೊರಹಾಕಿದಾಗ ಸರ್ವೋಚ್ಚ ನ್ಯಾಯಾಲಯವು 1986ರ ಆಗಸ್ಟ್ 11ರಂದು ಆ ಮಕ್ಕಳ ಪರವಾಗಿ ಕೊಟ್ಟ ತೀರ್ಪು ಕೆಲವು ಓದುಗರಿಗೆ ನೆನಪಿರಬಹುದು. ಆ ಮಕ್ಕಳೂ ಇದೇ ಪಂಥದವರು.

ರಕ್ತವೆಂದರೆ ಜೀವ, ಅದು ದೇವರಿಗೆ ಸೇರಿದ್ದು, ಅದನ್ನು ದೇಹದೊಳಗೆ ತೆಗೆದುಕೊಳ್ಳಬಾರದು ಎಂಬುದು ಬೈಬಲಿನ ಆದಿಕಾಂಡ, ಯಾಜಕಕಾಂಡ ಮತ್ತು ಅಪೊಸ್ತಲರ ಕೃತ್ಯಗಳು ಎಂಬ ಭಾಗಗಳಿಂದ ಅವರು ಗ್ರಹಿಸಿದ ಅರ್ಥ. 1945ರಿಂದೀಚೆಗೆ ಈ ನಿಷೇಧವು ರಕ್ತಪೂರಣಕ್ಕೂ ಅನ್ವಯಿಸುತ್ತದೆಂದು ಅವರು ನಂಬುತ್ತಾರೆ. ಅವರು ಔಷಧವನ್ನಾಗಲಿ ಶಸ್ತ್ರಕ್ರಿಯೆಯನ್ನಾಗಲಿ ನಿರಾಕರಿಸುವವರಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಇನ್ನೊಬ್ಬರ ಪೂರ್ಣ ರಕ್ತ, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾ ಇವು ಅವರಿಗೆ ವರ್ಜ್ಯ. ಪ್ಲಾಸ್ಮಾದಿಂದ ಬೇರ್ಪಡಿಸಿದ ಆಲ್ಬುಮಿನ್, ಹೆಪ್ಪುಗಟ್ಟಿಸುವ ಅಂಶಗಳು, ಸ್ವಂತ ರಕ್ತವನ್ನೇ ಯಂತ್ರದ ಮೂಲಕ ಹಾಯಿಸಿ ಮರಳಿ ಕೊಡುವುದು ಮುಂತಾದವು ಅವರವರ ಅಂತಃಸಾಕ್ಷಿಗೆ ಬಿಟ್ಟ ವಿಷಯ. ಆದ್ದರಿಂದ ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪಲಾರರು. ಒಂದೊಂದು ಅಂಶವನ್ನೂ ಹೆಸರಿಸಿ ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆಯುವುದು ವೈದ್ಯರ ಮೊದಲ ಕೆಲಸ.

ಈ ಪಂಥದ ರೋಗಿಗಳನ್ನು ಧೈರ್ಯವಾಗಿ ಕೈಗೆತ್ತಿಕೊಂಡವರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಹೃದಯ ಶಸ್ತ್ರವೈದ್ಯ ಡೆಂಟನ್ ಕೂಲಿ ಅಗ್ರಗಣ್ಯರು. ಅವರೂ ಅವರ ಸಹೋದ್ಯೋಗಿಯೂ ಸೇರಿ, ಹನಿ ಪರರಕ್ತವನ್ನೂ ಬಳಸದೆ 542 ಮಂದಿಗೆ ಮಾಡಿದ ಹೃದಯ ಮತ್ತು ರಕ್ತನಾಳಗಳ ಶಸ್ತ್ರಕ್ರಿಯೆಗಳ ವರದಿಯನ್ನು 1977ರಲ್ಲಿ ಪ್ರಕಟಿಸಿದರು. ಆ ರೋಗಿಗಳಲ್ಲಿ ಒಂದು ದಿನದ ಶಿಶುವೂ ಇತ್ತು, 89 ವರ್ಷದ ವೃದ್ಧರೂ ಇದ್ದರು. ಮೂವತ್ತು ದಿನಗಳೊಳಗೆ ತೀರಿಕೊಂಡವರು ಶೇಕಡ 9.4. ಹನ್ನೆರಡು ಸಾವುಗಳಲ್ಲಿ ರಕ್ತಹೀನತೆಯ ಪಾತ್ರವಿತ್ತು. ರಕ್ತನಷ್ಟವೇ ನೇರ ಕಾರಣವಾದ ಸಾವುಗಳು ಮೂರು. ಹೃದಯವನ್ನು ತೆರೆಯುವ ಶಸ್ತ್ರಕ್ರಿಯೆಗೆ ಬಾಟಲಿಗಟ್ಟಲೆ ರಕ್ತ ಬೇಕೇ ಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಈ ಅಂಕಿಗಳು ವೈದ್ಯರನ್ನು ಚಿಂತನೆಗೆ ಹಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಆರಂಭದ ಶಿಲ್ಕು

ರಕ್ತವಿಲ್ಲದ ಶಸ್ತ್ರಕ್ರಿಯೆ ಎಂದರೆ ಏನೋ ಪವಾಡವೆಂದು ಕೆಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಜಮಾಖರ್ಚಿನ ಲೆಕ್ಕ. ಆರಂಭದ ಶಿಲ್ಕನ್ನು ಹೆಚ್ಚಿಸಬೇಕು, ಖರ್ಚನ್ನು ಇಳಿಸಬೇಕು, ಕೊರತೆ ಬಿದ್ದರೆ ಅದನ್ನು ತಾಳಿಕೊಳ್ಳುವಂತೆ ದೇಹವನ್ನು ಅಣಿಗೊಳಿಸಬೇಕು. ಈ ಮೂರರಲ್ಲಿ ಸಾಮಾನ್ಯ ಜನರ ಗಮನಕ್ಕೆ ಬಾರದೆ ಉಳಿಯುವುದು ಮೊದಲನೆಯದು; ಹೆಚ್ಚು ಫಲ ಕೊಡುವುದೂ ಅದೇ.

ಚೆಂಬೂರಿನಲ್ಲಿ ವಾಸಿಸುವ, 60 ಕಿಲೊ ತೂಕದ, ಈ ಪಂಥಕ್ಕೆ ಸೇರಿದ ಗೃಹಿಣಿಯೊಬ್ಬಳಿಗೆ ಗರ್ಭಕೋಶದಲ್ಲಿ ಗಡ್ಡೆಗಳಾಗಿವೆ ಎಂದು ಭಾವಿಸಬಹುದು. ಹೆಂಗಸರಲ್ಲಿ ಕಿಲೊ ಒಂದಕ್ಕೆ ಸುಮಾರು 65 ಮಿಲಿಲೀಟರಿನಂತೆ ಆಕೆಯ ಮೈಯಲ್ಲಿರುವ ರಕ್ತ 3,900 ಮಿಲಿಲೀಟರ್. ತಿಂಗಳು ತಿಂಗಳೂ ಹೆಚ್ಚಾಗಿ ರಕ್ತ ಹೋಗಿ ಹಿಮೋಗ್ಲೋಬಿನ್ 8 ಗ್ರಾಮಿಗೆ ಇಳಿದಿದೆ. ಶಸ್ತ್ರಕ್ರಿಯೆಯಲ್ಲಿ ಅದು 7ಕ್ಕಿಂತ ಕೆಳಗಿಳಿಯಬಾರದೆಂದು ವೈದ್ಯರು ಗೆರೆ ಎಳೆದರೆ, ನಷ್ಟವಾದ ರಕ್ತದ ಜಾಗವನ್ನು ಲವಣದ್ರವದಿಂದ ತುಂಬುತ್ತ ಹೋದರೂ, ಸ್ಥೂಲ ಲೆಕ್ಕದಂತೆ ಆಕೆ ಕಳೆದುಕೊಳ್ಳಬಹುದಾದ ರಕ್ತ 3,900ರ ಎಂಟನೆಯ ಒಂದು ಪಾಲು, ಎಂದರೆ ಸುಮಾರು 490 ಮಿಲಿಲೀಟರ್ ಮಾತ್ರ. ಅದೇ ಹೆಂಗಸು ಎರಡು ತಿಂಗಳು ಕಾದು, ಚಿಕಿತ್ಸೆ ಪಡೆದು, 13 ಗ್ರಾಮ್ ಹಿಮೋಗ್ಲೋಬಿನ್ನಿನೊಡನೆ ಶಸ್ತ್ರಕ್ರಿಯೆಯ ಮೇಜನ್ನು ಏರಿದರೆ ತಡೆದುಕೊಳ್ಳಬಲ್ಲ ನಷ್ಟ ಹದಿಮೂರರಲ್ಲಿ ಆರು ಪಾಲು, ಸುಮಾರು 1,800 ಮಿಲಿಲೀಟರ್. ಶಸ್ತ್ರವೈದ್ಯನು ಬದಲಾಗಿಲ್ಲ, ಉಪಕರಣ ಬದಲಾಗಿಲ್ಲ. ಸುರಕ್ಷಿತತೆಯ ಅಂತರ ಮಾತ್ರ ಮೂರೂವರೆ ಪಟ್ಟು ಹಿಗ್ಗಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ಹಾಗಿರುವಾಗ ಶಸ್ತ್ರಕ್ರಿಯೆಯ ಹಿಂದಿನ ದಿನ ಹಿಮೋಗ್ಲೋಬಿನ್ ಪರೀಕ್ಷಿಸಿ, ಕಡಿಮೆಯೆಂದು ತಿಳಿದು, ಎರಡು ಬಾಟಲಿ ರಕ್ತ ಹುಡುಕಿಸುವ ರೂಢಿ ಎಷ್ಟರಮಟ್ಟಿಗೆ ಸರಿಯೆಂದು ಕೇಳಲೇಬೇಕಾಗುತ್ತದೆ. ರಕ್ತವನ್ನು ಒಲ್ಲದವರಿಗಂತೂ ಆ ದಾರಿಯೂ ಇಲ್ಲ.

ಶಿಲ್ಕನ್ನು ಹೆಚ್ಚಿಸುವ ಮುನ್ನ ಅದು ಏಕೆ ಕಡಿಮೆಯಾಯಿತೆಂದು ತಿಳಿಯಬೇಕು. ಕಬ್ಬಿಣದ ಕೊರತೆಯೇ ಸಾಮಾನ್ಯ ಕಾರಣ. ಆದರೆ ಕಟ್ಟಾ ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆಯೂ ಇರಬಹುದು. ಥಲಸ್ಸೀಮಿಯದ ಅಂಶವಿರುವವರಿಗೆ ಬರಿದೆ ಕಬ್ಬಿಣ ನುಂಗಿಸಿ ಪ್ರಯೋಜನವಿಲ್ಲ. ಗುಳಿಗೆಯ ರೂಪದ ಕಬ್ಬಿಣದಿಂದ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟು ಏರಲು ಎರಡು ಮೂರು ವಾರ ಬೇಕು. ಗುಳಿಗೆಯ ಜೊತೆಯಲ್ಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತದು. ಲಿಂಬೆಯ ಪಾನಕ ಕುಡಿದರೆ ಚೆನ್ನಾಗಿ ಹತ್ತುತ್ತದೆ. ಗಂಟೆಗೊಮ್ಮೆ 'ಕಟಿಂಗ್' ಚಹಾ ಹೀರುವ ಈ ನಗರದಲ್ಲಿ ಇದು ಸಣ್ಣ ಮಾತಲ್ಲ. ಹರಿವೆ, ಬಸಳೆ, ಹುರುಳಿಗಳು ಒಳ್ಳೆಯ ಆಹಾರವೇ. ಆದರೂ 8 ಗ್ರಾಮಿಗೆ ಇಳಿದವರನ್ನು ಅಡಿಗೆಮನೆಯೊಂದೇ ಮೇಲೆತ್ತಲಾರದು. ಸಮಯ ಕಡಿಮೆಯಿದ್ದರೆ, ಇಲ್ಲವೆ ಗುಳಿಗೆ ಹೊಟ್ಟೆಗೆ ಒಗ್ಗದಿದ್ದರೆ, ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೆ ಹನಿಸುತ್ತಾರೆ. ಮೂಳೆಯ ಮಜ್ಜೆಯನ್ನು ಪ್ರಚೋದಿಸಿ ಕೆಂಪು ಕಣಗಳ ಉತ್ಪತ್ತಿಯನ್ನು ಹೆಚ್ಚಿಸುವ ಎರಿತ್ರೊಪೊಯೆಟಿನ್ ಎಂಬ ಸೂಜಿಮದ್ದೂ ಉಂಟು. ಅದರ ಕೆಲವು ತಯಾರಿಕೆಗಳಲ್ಲಿ ಮಾನವ ಆಲ್ಬುಮಿನ್ ಬೆರೆತಿರುವುದರಿಂದ ರೋಗಿಯ ಒಪ್ಪಿಗೆ ಕೇಳಬೇಕು. ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವನ್ನೂ ಅದು ಹೆಚ್ಚಿಸುವುದರಿಂದ ತಜ್ಞರೇ ಅದನ್ನು ನಿರ್ಧರಿಸತಕ್ಕದ್ದು. ಇತ್ತ ತಿಂಗಳ ಸ್ರಾವವನ್ನು ಔಷಧದಿಂದ ತಡೆದಿಟ್ಟರೆ ಸೋರಿಕೆಯೂ ನಿಲ್ಲುತ್ತದೆ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೊದಲಾದ ಔಷಧಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಶಸ್ತ್ರಕ್ರಿಯೆಗೆ ಕೆಲವು ದಿನ ಮುಂಚೆ ಅವುಗಳನ್ನು ನಿಲ್ಲಿಸುವುದುಂಟು. ಆದರೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಊರಿನಿಂದ ತರಿಸಿಕೊಂಡ ಕಷಾಯ, ಚೂರ್ಣ, ಬೆಳ್ಳುಳ್ಳಿಯ ಗುಳಿಗೆಗಳ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬಾರದು.

ಮೇಜಿನ ಮೇಲೆ

1926ನೆಯ ಇಸವಿಗೆ ಈ ವಿಷಯದಲ್ಲಿ ವಿಚಿತ್ರವಾದ ಮಹತ್ವವಿದೆ. ಸ್ಕಿನ್ನರ್ ಮುಂಬಯಿಗೆ ಬಂದ ವರ್ಷವದು, ಪರೇಲಿನ ಕೆ.ಇ.ಎಂ. ಆಸ್ಪತ್ರೆ ಆರಂಭವಾದ ವರ್ಷವೂ ಅದೇ. ಅದೇ ವರ್ಷದ ಅಕ್ಟೋಬರ್ 1ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಹಾರ್ವೆ ಕುಶಿಂಗ್ ಎಂಬ ಮಿದುಳಿನ ಶಸ್ತ್ರವೈದ್ಯರು, ವಿಪರೀತ ರಕ್ತಸ್ರಾವದಿಂದಾಗಿ ಕೆಲವು ದಿನಗಳ ಹಿಂದೆ ಅರ್ಧಕ್ಕೇ ಕೈಬಿಟ್ಟಿದ್ದ ಗಡ್ಡೆಯೊಂದನ್ನು, ವಿಲಿಯಂ ಬೊವಿ ಎಂಬ ವಿಜ್ಞಾನಿ ನಿರ್ಮಿಸಿದ ವಿದ್ಯುತ್ ಉಪಕರಣದಿಂದ ಕೊಯ್ದು ತೆಗೆದರು. ಕೊಯ್ಯುತ್ತಲೇ ಸಣ್ಣ ರಕ್ತನಾಳಗಳ ಬಾಯಿಯನ್ನು ಸುಟ್ಟು ಮುಚ್ಚುವ ಆ ಉಪಕರಣದ ಸಂತತಿ ಇಂದು ಸಾಮಾನ್ಯ ನರ್ಸಿಂಗ್ ಹೋಮುಗಳಲ್ಲೂ ಇದೆ. ಶ್ರವಣಾತೀತ ತರಂಗಗಳ ಕಂಪನದಿಂದ ಕೊಯ್ಯುವ ಕತ್ತರಿಗಳೂ ಅನಂತರ ಬಂದಿವೆ.

ಎಂತಹ ಉಪಕರಣಕ್ಕಿಂತಲೂ ಶಸ್ತ್ರವೈದ್ಯನ ಕೈಯ ತಾಳ್ಮೆ ದೊಡ್ಡದು. ಪದರ ಪದರವಾಗಿ ಬಿಡಿಸುತ್ತ, ಕಂಡ ನಾಳವನ್ನು ಕಟ್ಟಿದ ಮೇಲೆಯೇ ಮುಂದುವರಿಯುತ್ತ ಹೋಗುವ ವೈದ್ಯನಿಗೆ ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ರಕ್ತ ಮಾತ್ರ ಉಳಿಯುತ್ತದೆ. ಅರಿವಳಿಕೆ ವೈದ್ಯರ ಪಾತ್ರವೂ ಕಡಿಮೆಯದಲ್ಲ. ಕೊಯ್ಯುವ ಭಾಗ ಹೃದಯಕ್ಕಿಂತ ಮೇಲಿರುವಂತೆ ರೋಗಿಯನ್ನು ಮಲಗಿಸಿದರೆ ಅಲ್ಲಿ ರಕ್ತದ ಒತ್ತಡ ತಗ್ಗುತ್ತದೆ. ಆಯ್ದ ರೋಗಿಗಳಲ್ಲಿ ರಕ್ತದೊತ್ತಡವನ್ನೇ ಹದವರಿತು ಇಳಿಸುತ್ತಾರೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುವುದರಿಂದ, ಥಿಯೇಟರಿನ ಹವಾನಿಯಂತ್ರಣದ ಚಳಿಯಲ್ಲಿ ರೋಗಿಯನ್ನು ಬೆಚ್ಚಗಿಡುವುದೂ ರಕ್ತ ಉಳಿಸುವ ಉಪಾಯವೇ ಆಗಿದೆ. ಕೈಕಾಲುಗಳ ಶಸ್ತ್ರಕ್ರಿಯೆಗೆ ಬಿಗಿಪಟ್ಟಿಯನ್ನು ಕಟ್ಟುತ್ತಾರೆ. ಗರ್ಭಕೋಶದ ಗಡ್ಡೆಗಳಿಗೆ, ರಕ್ತನಾಳಗಳನ್ನು ಸಂಕುಚಿತಗೊಳಿಸುವ ಔಷಧವನ್ನು ಅಲ್ಲಿಯೇ ಚುಚ್ಚುತ್ತಾರೆ. ಕೆಲವೊಮ್ಮೆ ಹೊಟ್ಟೆಯನ್ನು ಕೊಯ್ಯದೆಯೇ, ತೊಡೆಯ ಇಲ್ಲವೆ ಕೈಯ ರಕ್ತನಾಳದ ಮೂಲಕ ನಳಿಕೆ ತೂರಿಸಿ ಗಡ್ಡೆಗೆ ರಕ್ತ ಹರಿಯುವ ದಾರಿಯನ್ನೇ ಮುಚ್ಚುತ್ತಾರೆ.

ಔಷಧಗಳಲ್ಲಿ ಟ್ರಾನೆಕ್ಸಾಮಿಕ್ ಆಮ್ಲದ ಕತೆ ಹೇಳಲೇಬೇಕಾದುದು. ದೇಹ ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸಿಬಿಡುವುದನ್ನು ಇದು ತಡೆಯುತ್ತದೆ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬ ಹಂಬಲದಿಂದ ಜಪಾನಿನ ಉತಾಕೊ ಒಕಾಮೊಟೊ ಎಂಬ ಮಹಿಳಾ ವಿಜ್ಞಾನಿ ತಮ್ಮ ಪತಿಯೊಡನೆ ಶ್ರಮಿಸಿ 1962ರಲ್ಲಿ ಇದನ್ನು ಬೆಳಕಿಗೆ ತಂದರು. ಗಾಯಾಳುಗಳ ಮೇಲೆ ಇದರ ಗುಣವನ್ನು ಪರೀಕ್ಷಿಸಿದ, ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2010ರಲ್ಲಿ ಬಂದಿತು. ಬಾಣಂತಿಯರ ಮೇಲಿನ ಅಷ್ಟೇ ದೊಡ್ಡ ಅಧ್ಯಯನ ಪ್ರಕಟವಾದುದು 2017ರಲ್ಲಿ. ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟರೆ ರಕ್ತಸ್ರಾವದ ಸಾವುಗಳು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆಂದು ಅದು ತೋರಿಸಿತು. ಆ ವೇಳೆಗೆ ಉತಾಕೊ ತೀರಿಕೊಂಡು ಒಂದು ವರ್ಷವಾಗಿತ್ತು. ರಕ್ತದಿಂದ ತಯಾರಾದ ವಸ್ತುವಲ್ಲವಾದ್ದರಿಂದ ಈ ಔಷಧಕ್ಕೆ ಯೆಹೋವನ ಸಾಕ್ಷಿಗಳ ಆಕ್ಷೇಪವಿಲ್ಲ. ಬೆಲೆಯೂ ಹೆಚ್ಚಿಲ್ಲ.

ಇನ್ನೆರಡು ವಿಧಾನಗಳು ಸ್ವಂತ ರಕ್ತಕ್ಕೆ ಸಂಬಂಧಿಸಿದವು. ಶಸ್ತ್ರಕ್ರಿಯೆ ಆರಂಭವಾಗುವ ಮೊದಲು ರೋಗಿಯ ರಕ್ತವನ್ನು ಸ್ವಲ್ಪ ಹೊರತೆಗೆದು, ಅದರ ಬದಲು ದ್ರವ ತುಂಬಿ, ಕೊನೆಯಲ್ಲಿ ಅದೇ ರಕ್ತವನ್ನು ಹಿಂದಿರುಗಿಸುವುದು ಒಂದು. ಇದರ ಜಾಣತನ ಲೆಕ್ಕದಲ್ಲಿದೆ. ಹಿಮೋಗ್ಲೋಬಿನ್ 13 ಇರುವಾಗ ಒಂದು ಲೀಟರ್ ರಕ್ತ ಹೋದರೆ 130 ಗ್ರಾಮ್ ಹಿಮೋಗ್ಲೋಬಿನ್ ಹೋಗುತ್ತದೆ. ತೆಳುವಾಗಿಸಿ 9ಕ್ಕೆ ತಂದಿದ್ದರೆ ಅದೇ ಒಂದು ಲೀಟರಿನಲ್ಲಿ ಹೋಗುವುದು 90 ಗ್ರಾಮ್ ಮಾತ್ರ. ಎರಡನೆಯದು, ಗಾಯದಲ್ಲಿ ಸುರಿದ ರಕ್ತವನ್ನು ಹೀರಿ, ತೊಳೆದು, ಸೋಸಿ ಮರಳಿ ಕೊಡುವ 'ಸೆಲ್ ಸೇವರ್' ಎಂಬ ಯಂತ್ರ. ಈ ಎರಡರಲ್ಲೂ ನಳಿಕೆಗಳ ಸಂಪರ್ಕ ದೇಹದೊಡನೆ ಕಡಿಯದೆ ಉಳಿದರೆ ಅನೇಕ ಸಾಕ್ಷಿಗಳು ಒಪ್ಪುತ್ತಾರೆ. ಕರುಳು ಒಡೆದ ಹೊಲಸು ಬೆರೆತ ಕಡೆ ಈ ಯಂತ್ರ ಸಲ್ಲದು. ಕ್ಯಾನ್ಸರಿನಲ್ಲಿ ವಿಶೇಷ ಎಚ್ಚರ ಅಗತ್ಯ.

ಶಸ್ತ್ರಕ್ರಿಯೆ ಮುಗಿದ ಮೇಲಿನ ಸೋರಿಕೆಯೊಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಪರೀಕ್ಷೆಗಾಗಿ ದಿನಕ್ಕೆ ಹಲವು ಬಾರಿ ತೆಗೆಯುವ ರಕ್ತ. ಯೂರೋಪಿನ ತೀವ್ರ ನಿಗಾ ಘಟಕಗಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದು ರೋಗಿಯೊಬ್ಬರಿಗೆ ದಿನಕ್ಕೆ ಸರಾಸರಿ 41 ಮಿಲಿಲೀಟರ್ ಇತ್ತು. ಹತ್ತು ದಿನ ಮಲಗಿದವರಿಂದ, ರಕ್ತದಾನದ 350 ಮಿಲಿಲೀಟರಿನ ಚೀಲಕ್ಕಿಂತಲೂ ಹೆಚ್ಚು ರಕ್ತ ಹೀಗೆಯೇ ಹೋಗಿರುತ್ತದೆ! ಮಕ್ಕಳಿಗೆ ಬಳಸುವ ಸಣ್ಣ ಕೊಳವೆಗಳನ್ನು ಬಳಸಿ, ಅಗತ್ಯವಿದ್ದ ಪರೀಕ್ಷೆಗಳನ್ನಷ್ಟೇ ಮಾಡಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಎಷ್ಟು ಇಳಿದರೆ ಅಪಾಯ?

ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದರೆ ರಕ್ತ ಕೊಟ್ಟೇ ಶಸ್ತ್ರಕ್ರಿಯೆ ಮಾಡಬೇಕೆಂಬ ಮಾತು 1942ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು ಬರೆದ ಲೇಖನದಿಂದ ಹೊರಟು ಅರ್ಧ ಶತಮಾನ ಕಾಲ ನಿಯಮದಂತೆ ನಡೆದುಬಂತು. ಕೆನಡದಲ್ಲಿ ತೀವ್ರ ನಿಗಾ ಘಟಕದ 838 ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನವು, 7 ಗ್ರಾಮಿನವರೆಗೆ ಕಾದು ರಕ್ತ ಕೊಟ್ಟವರಿಗೆ ಕೇಡೇನೂ ಆಗಲಿಲ್ಲವೆಂದು ತೋರಿಸಿದ ಮೇಲೆ ಆ ನಿಯಮ ಸಡಿಲವಾಯಿತು. ಹೃದ್ರೋಗಿಗಳ ಮಾತು ಬೇರೆ.

ಆದರೆ ಕೆಳಗಿಳಿಯುವುದಕ್ಕೆ ಮಿತಿಯುಂಟು. ಶಸ್ತ್ರಕ್ರಿಯೆಯ ಅನಂತರ ಹಿಮೋಗ್ಲೋಬಿನ್ 8 ಅಥವಾ ಅದಕ್ಕಿಂತ ಕಡಿಮೆಯಾಗಿ, ಧಾರ್ಮಿಕ ಕಾರಣದಿಂದ ರಕ್ತವನ್ನು ನಿರಾಕರಿಸಿದ 300 ರೋಗಿಗಳ ಸ್ಥಿತಿಯನ್ನು ಅಮೆರಿಕದ ಸಂಶೋಧಕರು 2002ರಲ್ಲಿ ವರದಿ ಮಾಡಿದರು. 7ರಿಂದ 8ರ ನಡುವೆ ಇದ್ದವರಲ್ಲಿ ಯಾರೂ ಸಾಯಲಿಲ್ಲ. 4ರಿಂದ 5ರ ನಡುವಿಗೆ ಇಳಿದವರಲ್ಲಿ ಮೂವರಲ್ಲಿ ಒಬ್ಬರು ಬದುಕಲಿಲ್ಲ. ಪರರಕ್ತವಿಲ್ಲದ ಶಸ್ತ್ರಕ್ರಿಯೆಯನ್ನು ಹೊಗಳುವವರು ಈ ಎರಡನೆಯ ಸಾಲನ್ನು ಓದದೆ ಬಿಡುವುದುಂಟು, ಅದು ಪ್ರಾಮಾಣಿಕತೆಯಲ್ಲ. ಯೋಜಿಸಿ ಮಾಡಿದ ಶಸ್ತ್ರಕ್ರಿಯೆ ಒಂದು ಬಗೆ. ಲೋಕಲ್ ರೈಲಿನಿಂದ ಬಿದ್ದು ಬಂದ ಗಾಯಾಳು, ಹೆರಿಗೆಯಾಗಿ ಹತ್ತೇ ನಿಮಿಷದಲ್ಲಿ ಎರಡು ಲೀಟರ್ ರಕ್ತ ಕಳೆದುಕೊಂಡ ತಾಯಿ, ಇವರ ಮುಂದೆ ಕಬ್ಬಿಣದ ಗುಳಿಗೆಗೂ ಸೆಲ್ ಸೇವರಿಗೂ ಸಮಯವಿರುವುದಿಲ್ಲ. ಅಲ್ಲಿ ರಕ್ತಕ್ಕೆ ಸಮನಾದ ಬದಲಿ ವಸ್ತು ಇಂದಿಗೂ ಇಲ್ಲ.

ಪರೇಲಿನಲ್ಲಿ ಕಂಡ ಇನ್ನೊಂದು ನಿರಾಕರಣೆ

ಮನಸ್ಸು ಒಪ್ಪದೆ ರಕ್ತ ಬೇಡವೆನ್ನುವವರಂತೆ, ಮೈ ಒಪ್ಪದೆ ರಕ್ತ ಪಡೆಯಲಾರದವರೂ ಇದ್ದಾರೆ. ಅವರನ್ನು ಮೊದಲು ಗುರುತಿಸಿದ್ದು ಮುಂಬಯಿಯಲ್ಲಿಯೇ. ಪರೇಲಿನಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಯಾವ ಗುಂಪಿನ ರಕ್ತವೂ ಹೊಂದದ ವ್ಯಕ್ತಿಗಳನ್ನು ಕಂಡು 1952ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದಿನಿಂದ ಅದಕ್ಕೆ 'ಬಾಂಬೆ ರಕ್ತಗುಂಪು' ಎಂದೇ ಹೆಸರು. ಎ, ಬಿ ಗುಂಪುಗಳಿಗೆ ಆಧಾರವಾದ 'ಎಚ್' ಎಂಬ ಅಂಶವೇ ಇವರ ಕೆಂಪು ಕಣಗಳಲ್ಲಿರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಇವರು 'ಓ' ಗುಂಪಿನವರಂತೆ ತೋರುತ್ತಾರೆ. ಆದರೆ 'ಓ' ರಕ್ತವನ್ನೇ ಕೊಟ್ಟರೆ ಅದು ಇವರಿಗೆ ಮಾರಕ. ಭಾರತದಲ್ಲಿ ಇಂಥವರು ಸುಮಾರು ಹತ್ತು ಸಾವಿರಕ್ಕೆ ಒಬ್ಬರೆಂದು ಹೇಳುತ್ತಾರೆ. ನಗರದಲ್ಲಿ ರಕ್ತನಿಧಿಗಳಿಗೆ ಕೊರತೆಯಿರಲಿ ಇಲ್ಲದಿರಲಿ, ಇವರ ಪಾಲಿಗೆ ಸದಾ ಬರಗಾಲವೇ. ಯೆಹೋವನ ಸಾಕ್ಷಿಗಳಿಗಾಗಿ ರೂಢಿಗೆ ಬಂದ ಪ್ರತಿಯೊಂದು ಉಪಾಯವೂ ಇವರಿಗೂ ಬೇಕಾದುದೇ. ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆಯಾಗಿ, ಅರ್ಧ ಮುಂಬಯಿ ಊರಿಗೆ ಹೋಗಿ, ಶಿಬಿರಗಳು ನಡೆಯದೆ ರಕ್ತನಿಧಿಗಳು ಬರಿದಾಗುವಾಗ ಉಳಿದವರಿಗೂ ಬೇಕಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು 2010ರಲ್ಲಿ, ರೋಗಿಯ ಸ್ವಂತ ರಕ್ತವನ್ನು ಕಾಪಾಡುವ ಕ್ರಮಗಳನ್ನು ಅನುಸರಿಸಬೇಕೆಂದು ಎಲ್ಲ ದೇಶಗಳಿಗೂ ಸೂಚಿಸಿತು.

ಸಹಿಯ ಕಾಗದ

ವಯಸ್ಕನಾದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಸಮ್ಮತಿಯಿಲ್ಲದೆ ಚಿಕಿತ್ಸೆ ಸಲ್ಲದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸ್ಪಷ್ಟಪಡಿಸಿದೆ. ಮಕ್ಕಳ ವಿಷಯದಲ್ಲಿ, ತಂದೆತಾಯಿಯರ ನಂಬಿಕೆಗಾಗಿ ಮಗು ಪ್ರಾಣ ತೆರಬಾರದೆಂದು ಅನೇಕ ದೇಶಗಳ ನ್ಯಾಯಾಲಯಗಳು ರಕ್ತ ಕೊಡಲು ಆದೇಶಿಸಿವೆ. ಇತ್ತ ವೈದ್ಯರಿಗೂ ಅಂತಃಸಾಕ್ಷಿಯೆಂಬುದುಂಟು. ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಈ ಕಟ್ಟುಪಾಡಿನೊಳಗೆ ಮಾಡಲಾರೆನೆನ್ನುವ ವೈದ್ಯರು ಅದನ್ನು ಮೊದಲ ಭೇಟಿಯಲ್ಲೇ ಹೇಳಿ, ಮಾಡಬಲ್ಲವರ ಬಳಿಗೆ ಕಳುಹಿಸಿಕೊಟ್ಟರೆ ಅದರಲ್ಲಿ ದೋಷವಿಲ್ಲ. ಮಂಪರಿನ ಸೂಜಿಮದ್ದು ಕೊಟ್ಟ ಮೇಲೆ ಥಿಯೇಟರಿನ ಬಾಗಿಲಲ್ಲಿ ಚರ್ಚೆಗೆ ತೊಡಗುವುದು ಮಾತ್ರ ಇಬ್ಬರಿಗೂ ಅನ್ಯಾಯ.

ರೋಗಿಯೊಡನೆ ಆಡುವ ಮಾತುಗಳಲ್ಲಿ ಒಂದನ್ನಾದರೂ ಏಕಾಂತದಲ್ಲಿ ಆಡಬೇಕೆಂದು ಅನುಭವಿ ವೈದ್ಯರು ಹೇಳುತ್ತಾರೆ. ಗಂಡನಾಗಲಿ, ತಾಯಿಯಾಗಲಿ, ಸಭೆಯ ಹಿರಿಯರಾಗಲಿ ಹತ್ತಿರವಿಲ್ಲದಾಗ, "ಪ್ರಾಣವೇ ಹೋಗುವಂತಾದರೂ ಬೇಡವೆ?" ಎಂದು ಕೇಳಬೇಕು, ಉತ್ತರ ಏನೇ ಬರಲಿ, ಅದನ್ನು ಗುಟ್ಟಾಗಿಡಬೇಕು. ಮನಸ್ಸು ಬದಲಿಸುವ ಹಕ್ಕು ರೋಗಿಗೆ ಕೊನೆಯ ಗಳಿಗೆಯವರೆಗೂ ಇದೆ ಎಂದು ತಿಳಿಸಬೇಕು. "ಬೇಡ" ಎಂಬುದೇ ಉತ್ತರವಾದರೆ, ಯಾವುದು ಬೇಡ, ಯಾವುದು ಆದೀತು ಎಂಬ ವಿವರದೊಡನೆ ತಾರೀಕು ಹಾಕಿ ಸಾಕ್ಷಿಗಳ ಸಹಿ ಪಡೆದ ಕಾಗದ ಕಡತದ ಮೊದಲ ಪುಟದಲ್ಲಿರಬೇಕು. ಅದರ ಒಂದೊಂದು ಪ್ರತಿ ಅರಿವಳಿಕೆ ವೈದ್ಯರ ಬಳಿಯಲ್ಲೂ, ರಾತ್ರಿ ಪಾಳಿಯ ದಾದಿಯ ಮೇಜಿನಲ್ಲೂ ಇರಬೇಕು. ಏಕೆಂದರೆ ಹಗಲಲ್ಲಿ ನಿಂತಂತೆ ಕಂಡ ರಕ್ತಸ್ರಾವ ಮರುಕಳಿಸಿದರೆ, ನಡುರಾತ್ರಿಯಲ್ಲಿ ಅದನ್ನು ಮೊದಲು ಕಾಣುವವಳು ಆಕೆಯೇ.